ಅಪ್‌ಡೇಟ್: ಕೊನೆಗೂ ಬ್ರಾಡ್‌ಹೆಡ್ ಆಯ್ಕೆ ಮಾಡಿದೆ

ಹಿಂದೆ ಕೇಳಿದ್ದೆ: ನನ್ನ ಕಾಂಪೌಂಡ್ (ರಾಟೆಗಳಿರುವ) ಬಿಲ್ಲಿನ ಎಳೆತ, ಅಂದರೆ ಹೆದೆ ಎಳೆಯಲು ಬೇಕಾದ ಬಲ, 45 ಪೌಂಡ್; ಜಿಂಕೆ ಬೇಟೆಗೆ ಬ್ರಾಡ್‌ಹೆಡ್ (ಬಾಣದ ತುದಿಗೆ ಹಾಕುವ ಬ್ಲೇಡಿನ ತಲೆ) ಯಾವುದು ಒಳ್ಳೆಯದು, ಬ್ಲೇಡುಗಳು ಅಲುಗದೆ ನಿಂತಿರುವ ಫಿಕ್ಸೆಡ್ಡಾ, ತಾಗಿದಾಗ ಬಿಚ್ಚಿಕೊಳ್ಳುವ ಮೆಕ್ಯಾನಿಕಲ್ಲಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಫಿಕ್ಸೆಡ್ ತಗೊಂಡೆ. ಮೂರು ಬ್ಲೇಡಿನದು, 100 ಗ್ರೇನ್, ಅಂದರೆ ಸುಮಾರು 6.5 ಗ್ರಾಂ. ಮೆಕ್ಯಾನಿಕಲ್ ತಲೆಯ ಬ್ಲೇಡುಗಳು ಬಿಚ್ಚಿಕೊಳ್ಳಲು ಬಾಣದ ಶಕ್ತಿಯಲ್ಲೇ ಒಂದಿಷ್ಟು ಖರ್ಚಾಗುತ್ತದೆ. ನನ್ನ ಬಿಲ್ಲಿನಲ್ಲಿ ಅಷ್ಟು ಶಕ್ತಿ ಮಿಕ್ಕಿಲ್ಲ. ಬಾಣ ಆಳಕ್ಕೆ ಹೋಗದೆ ಪ್ರಾಣಿ ಗಾಯಗೊಂಡು ನರಳುವುದು ನನಗೆ ಬೇಡವೇ ಬೇಡ.

ಆದರೆ ಮೊದಲ ದಿನ ಗಾಬರಿಯಾಯಿತು. ನಾನು ಅಭ್ಯಾಸಕ್ಕೆ ಬಳಸುವ, ಬ್ಲೇಡಿಲ್ಲದ ತುದಿ (ಫೀಲ್ಡ್ ಪಾಯಿಂಟ್) ಕೂಡ 100 ಗ್ರೇನೇ. ಆದರೂ 30 ಗಜದಲ್ಲಿ ಬ್ರಾಡ್‌ಹೆಡ್‌ಗಳು ಒಂದು ಗೇಣು ಎಡಕ್ಕೆ ಬೀಳುತ್ತಿದ್ದವು! ತೂಕ ಒಂದೇ ಆದರೆ ಸಾಕು ಅಂದುಕೊಂಡಿದ್ದೆ. ಸಾಕಾಗಲ್ಲ. ಮುಂದಿನ ಬ್ಲೇಡುಗಳು ಗಾಳಿಯನ್ನು ಹಿಡಿಯುತ್ತವೆ, ಬಿಲ್ಲಿನ ಟ್ಯೂನಿಂಗ್ ಸ್ವಲ್ಪ ತಪ್ಪಿದ್ದರೂ ಬಾಣ ಪಕ್ಕಕ್ಕೆ ಸರಿಯುತ್ತದೆ. ನಿಮ್ಮಲ್ಲೊಬ್ಬರು ಹೇಳಿದಂತೆ ಸೈಟ್ (ಗುರಿ ನೋಡುವ ಸಾಧನ) ಮುಟ್ಟದೆ, ಬಿಲ್ಲಿನ ಮೇಲೆ ಬಾಣ ಕೂರುವ ಆರೋ ರೆಸ್ಟನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸುತ್ತಾ ಹೋದೆ. ಮೂರು ಸಂಜೆ ಹಿಡಿಯಿತು. ಈಗ ಎರಡೂ ಒಂದೇ ಜಾಗಕ್ಕೆ ಬೀಳುತ್ತಿವೆ. ಎಷ್ಟು ಖುಷಿ ಆಯ್ತು ಅಂದ್ರೆ ಹೇಳೋಕಾಗಲ್ಲ!

ಒಂದು ಬಾಣ ಮಾತ್ರ ಹಟ ಬಿಡಲಿಲ್ಲ. ತಿರುಗಿಸಿ ನೋಡಿದರೆ ತುದಿ ಅಲುಗಾಡುತ್ತಿತ್ತು. ತಲೆಯನ್ನು ಹಿಡಿದಿಡಲು ಬಾಣದ ಕಡ್ಡಿಯೊಳಗೆ ಕೂರಿಸುವ ಇನ್ಸರ್ಟ್ ಸೊಟ್ಟಗಿತ್ತು, ಆ ಬಾಣವನ್ನು ಬದಿಗಿಟ್ಟೆ.

ಅಭ್ಯಾಸದಲ್ಲಿ ಬಳಸಿದ ಬ್ಲೇಡುಗಳು ಮೊಂಡಾಗಿವೆ. ಬೇಟೆಗೆ ಹೊಸ ಬ್ಲೇಡುಗಳನ್ನೇ ಹಾಕುತ್ತೇನೆ.