ಹಾಟ್‌ಸ್ಪಾಟ್‌ಗೆ ‘ಬಿಸಿತಾಣ’ ಅಂದರೆ ಯಾದಗಿರಿಯಲ್ಲಿ ನಗುತ್ತಾರೆ, ಬೇರೆ ಪದ ಇದೆಯಾ?

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕಾಗಿ ಎರಡು ತಿಂಗಳಿಂದ ಒದ್ದಾಡುತ್ತಿದ್ದೇನೆ. ಆಶಾ ಕಾರ್ಯಕರ್ತೆಯರ ತರಬೇತಿಗೆ ಒಂದು ಕೈಪಿಡಿ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಯಾವ ಊರಲ್ಲಿ ಎಷ್ಟು ಜನಕ್ಕೆ ಜ್ವರ ಬಂತು ಅಂತ ನಕಾಶೆ ಮೇಲೆ ಗುರುತು ಹಾಕಿ, ಆಮೇಲೆ ಆ ನಕಾಶೆಯನ್ನು ಓದೋದು ಹೇಗೆ ಅನ್ನುವುದು ವಿಷಯ. ಹಾಟ್‌ಸ್ಪಾಟ್, ಅಂದರೆ ರೋಗ ಜಾಸ್ತಿ ಕಂಡ ಜಾಗ, ಅನ್ನೋ ಪದ ಪುಟಕ್ಕೆ ನಾಲ್ಕು ಸಲ ಬರುತ್ತದೆ.

(ನಕ್ಷೆ ಅನ್ನದೆ ನಕಾಶೆ ಅಂತ ಬರೆದದ್ದಕ್ಕೆ ಯಾರೂ ಬೈಯಬೇಡಿ, ನಮ್ಮ ಕಡೆ ಹಾಗೇ ಅನ್ನೋದು. ಎರಡರ ಮೂಲವೂ ಅರಬ್ಬಿಯ ‘ನಕ್ಷ್’, ಅಂದರೆ ಕೆತ್ತಿದ ಚಿತ್ತಾರ. ಬೀದರಿನ ಬಿದ್ರಿ ಹೂಜಿಯ ಮೇಲಿನ ನಕಾಸಿ ಕೆಲಸವೂ ಇದೇ ಮನೆಯ ಪದ.)

ಮೊದಲು ನಾನೂ ‘ಬಿಸಿತಾಣ’ ಅಂತಲೇ ಬರೆದೆ. ಮೇ ತಿಂಗಳು, ಯಾದಗಿರಿ, ಹೊರಗೆ 43 ಡಿಗ್ರಿ, ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಓದಿ ಹೇಳಿದ ಕೂಡಲೇ ಹಿಂದಿನ ಸಾಲಿನಿಂದ ಒಬ್ಬರು, “ಸರ, ಬಿಸಿ ಇಲ್ಲದ ಜಾಗ ಇದ್ರ ಅದನ್ನ ಮೊದಲ ತೋರಿಸ್ರಿ” ಅಂದರು. ಆ ಪದದ ಕಥೆ ಅಲ್ಲಿಗೆ ಮುಗಿಯಿತು. ಕೋಲ್ಡ್‌ಸ್ಪಾಟ್‌ಗೆ, ಅಂದರೆ ರೋಗ ಕಡಿಮೆ ಕಂಡ ಜಾಗಕ್ಕೆ, ‘ತಂಪುತಾಣ’ ಅಂತ ಬರೆದಿದ್ದೆ, ಅದನ್ನು ಅವರು ಲಸಿಕೆ ಇಡುವ ಐಸ್ ಡಬ್ಬಿ ಅಂದುಕೊಂಡರು.

ಸುಮ್ನೆ ಹಾಟ್‌ಸ್ಪಾಟ್ ಅಂತಲೇ ಇಡಬಹುದಲ್ವಾ ಅಂತ ಕೇಳುತ್ತೀರಿ. ಇಡಬಹುದು, ಆದರೆ ಹುಡುಗರಿಗೆ ಅದು ಮೊಬೈಲಿನ ಪದ. ಕಲಬುರಗಿಯವರಿಗೆ ಆ ಪದ ಕೇಳಿದರೆ ನೆನಪಾಗೋದು 2020. ಕೋವಿಡ್‌ನಿಂದ ದೇಶದ ಮೊದಲ ಸಾವು ಆದದ್ದು ನಮ್ಮಲ್ಲೇ, ಆ ವರ್ಷದ ಮಾರ್ಚ್‌ನಲ್ಲಿ. ಆಮೇಲೆ ಓಣಿ ಬಾಯಿಗೆ ತಗಡು ಬಡಿದದ್ದು, ಸೀಲ್‌ಡೌನ್ ಅಂತ ಮಂದಿ ಹೆದರಿದ್ದು ಯಾರೂ ಮರೆತಿಲ್ಲ. ನಿಮ್ಮ ಓಣಿ ಹಾಟ್‌ಸ್ಪಾಟ್ ಅಂದರೆ ಇವತ್ತಿಗೂ ಮುಖ ಬಿಗಿಯುತ್ತದೆ. ‘ಕ್ಲಸ್ಟರ್’ ಅಂದರೆ ಹಳ್ಳಿಯಲ್ಲಿ ಶಾಲೆಗಳದ್ದು, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಸಾಹೇಬರು ಬರುತ್ತಾರಲ್ಲ, ಅದು. ‘ಗೊಂಚಲು’ ಚೆಂದದ ಪದ, ಆದರೆ ದ್ರಾಕ್ಷಿಗೆ ಅನ್ನೋದನ್ನು ಡೆಂಗ್ಯೂಗೆ ಅನ್ನೋಕೆ ನನಗಂತೂ ಮನಸ್ಸಿಲ್ಲ.

ಉಳಿದದ್ದು ‘ಗುಂಪು’. ಅದರಲ್ಲೇ ನಾನು ಸಿಕ್ಕಿಬಿದ್ದದ್ದು.

ಗೋಡೆಗೆ ತಾಲೂಕಿನ ನಕಾಶೆ ಅಂಟಿಸಿದ್ದೆವು. ಬಣ್ಣದ ಸ್ಟಿಕ್ಕರ್ ತರೋದು ಮರೆತುಹೋಗಿತ್ತು. ಒಬ್ಬ ಆಶಾ ಪರ್ಸಿನಿಂದ ಟಿಕಳಿ ಹಾಳೆ ತೆಗೆದು ಕೊಟ್ಟರು (ದಕ್ಷಿಣದವರಿಗೆ ಹೇಳುತ್ತೇನೆ, ಟಿಕಳಿ ಅಂದರೆ ಹಣೆಗೆ ಅಂಟಿಸುವ ಬೊಟ್ಟು). ಒಬ್ಬರಿಗೆ ಜ್ವರ ಬಂದಿದ್ದರೆ ಒಂದು ಕೆಂಪು ಟಿಕಳಿ. ಒಂದು ದೊಡ್ಡ ಊರಿನ ಮೇಲೆ ಹತ್ತೊಂಬತ್ತು ಕೂತವು, ಜಾಗ ಸಾಲದೆ ಒಂದರ ಮೇಲೊಂದು. ಪಕ್ಕದ ತಾಂಡಾ ಮೇಲೆ ಆರು. ನಾನು ದೊಡ್ಡ ಊರಿಗೆ ಕಡ್ಡಿ ಇಟ್ಟು “ಇದೇ ನೋಡಿ ಗುಂಪು” ಅಂದೆ. ಟಿಕಳಿ ಕೊಟ್ಟವರೇ ತಡೆದರು: “ಅಲ್ಲಿ ಮಂದೀನೇ ಭಾಳ ಅದಾರ್ರಿ, ಅದಕ್ಕ ಟಿಕಳಿ ಭಾಳ. ತಾಂಡಾದಾಗ ಇರೋದು ನಲವತ್ತು ಮನಿ. ಪಾಲಿಗಿಂತ ಜಾಸ್ತಿ ಆಗಿದ್ದು ಅಲ್ಲಿ.”

ಇಂಗ್ಲಿಷ್ ಕೈಪಿಡಿ ಮೂರು ಪುಟದಲ್ಲಿ ಹೇಳುವ ಮಾತು ಇದೇ. ಚುಕ್ಕೆ ದಟ್ಟ ಇದ್ದಲ್ಲಿ ರೋಗ ಜಾಸ್ತಿ ಅಂತಲ್ಲ, ಜನ ಜಾಸ್ತಿ ಇರಬಹುದು. ಅಷ್ಟು ಜನಕ್ಕೆ ಎಷ್ಟು ಬರಬೇಕಿತ್ತೋ ಅದನ್ನು ಮೀರಿದೆಯಾ ಅಂತ ನೋಡಬೇಕು. 1854ರಲ್ಲಿ ಲಂಡನ್‌ನಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಅನ್ನೋ ವೈದ್ಯ ಬ್ರಾಡ್ ಸ್ಟ್ರೀಟಿನ ಪಂಪಿನ ಸುತ್ತ ಸಾವುಗಳನ್ನು ಗುರುತು ಹಾಕಿದ ಕಥೆ ನಿಮಗೆ ಗೊತ್ತಿರುತ್ತದೆ. ನನಗೆ ಅದರಲ್ಲಿ ಇಷ್ಟ ಆಗೋದು ಆ ಪಂಪಿನ ಹತ್ತಿರವೇ ಇದ್ದ ಬಡವರ ಆಶ್ರಮ. 535 ಜನ ಇದ್ದರು, ಕಾಲರಾಕ್ಕೆ ಸತ್ತವರು 5 ಜನ ಮಾತ್ರ, ಯಾಕೆಂದರೆ ಅಲ್ಲಿ ಸ್ವಂತ ಬಾವಿ ಇತ್ತು. ಜನ ಅಷ್ಟಿದ್ದೂ ಸಾವು ಕಡಿಮೆ ಅನ್ನೋದೇ ಅಲ್ಲಿ ಸುಳಿವು.

ಹಾಗಾಗಿ ‘ಗುಂಪು’ ಸಾಲದು, ‘ದಟ್ಟಣೆ’ಯೂ ಸಾಲದು. ‘ಲೆಕ್ಕ ಮೀರಿದ ಊರು’ ಅಂತ ಬರೆದು ನೋಡಿದೆ, ಆದರೆ ಲೆಕ್ಕ ಮೀರಿ ಅಂದರೆ ಎಣಿಸೋಕೆ ಆಗದಷ್ಟು ಅಂತಾಗುತ್ತದೆ, ಇಲ್ಲಿರೋದು ಬರೀ ಆರು. ಆ ಹೆಣ್ಣುಮಗಳು ಅಂದ ‘ಪಾಲು’ ನನಗೆ ಹಿಡಿಸಿತು. ಹೊಲದ ಪಾಲು, ಆಸ್ತಿ ಪಾಲು ಎಲ್ಲರಿಗೂ ಗೊತ್ತು. ಜನಸಂಖ್ಯೆಗೆ ತಕ್ಕಂತೆ ಪ್ರತಿ ಊರಿಗೂ ಒಂದು ಪಾಲು, ಅದನ್ನು ಮೀರಿದರೆ ‘ಪಾಲು ಮೀರಿದ ಊರು’.

ತೊಡಕು ಇನ್ನೊಂದಿದೆ. ಸಾಫ್ಟ್‌ವೇರ್ ಲೆಕ್ಕದಲ್ಲಿ, ಮುಖ್ಯವಾಗಿ ಗೆಟಿಸ್-ಆರ್ಡ್ ಅನ್ನೋ ವಿಧಾನದಲ್ಲಿ, ಊರೊಂದನ್ನೇ ನೋಡಿ ಹಾಟ್‌ಸ್ಪಾಟ್ ಅನ್ನೋದಿಲ್ಲ. ಆ ಊರನ್ನೂ ಸುತ್ತಲಿನ ಊರುಗಳನ್ನೂ ಒಟ್ಟಿಗೆ ಹಿಡಿದು ಇಡೀ ತಾಲೂಕಿಗೆ ಹೋಲಿಸುತ್ತಾರೆ. ತಾಂಡಾ ಒಂದರಲ್ಲೇ ಜಾಸ್ತಿ ಇದ್ದು ಸುತ್ತ ಎಲ್ಲ ಕಡಿಮೆ ಇದ್ದರೆ ಅದು ನಕಾಶೆಯಲ್ಲಿ ಕೆಂಪಾಗದೇ ಹೋಗಬಹುದು. ನಲವತ್ತೇ ಮನೆ ಇರೋ ಕಡೆ ಒಂದೇ ಮನೆಯ ಮೂವರು ಮಲಗಿದರೂ ಪಾಲು ಮೀರುತ್ತದೆ, ಅದೂ ನಿಜ. ಅಂದಮೇಲೆ ಒಂದು ಪದ ಅಲ್ಲ, ಎರಡು ಬೇಕು. ಊರೊಂದೇ ಮೀರಿದ್ದಕ್ಕೆ ಒಂದು, ಸುತ್ತಲಿನ ಊರೂ ಸೇರಿ ಮೀರಿದ್ದಕ್ಕೆ ಇನ್ನೊಂದು. ಎರಡನೆಯದಕ್ಕೆ ‘ಪಾಲು ಮೀರಿದ ಸೀಮೆ’ ಅಂದರೆ ಹೇಗೆ?

ಹಾಂ, ಸುತ್ತಲಿನ ಊರು ಅಂತ ಬರೆಯೋಕೂ ಕಾರಣ ಇದೆ. ಮೊದಲು ‘ನೆರೆ ಹಳ್ಳಿಗಳನ್ನೂ ಸೇರಿಸಿ’ ಅಂತ ಬರೆದಿದ್ದೆ. 2020ರ ಅಕ್ಟೋಬರಿನಲ್ಲಿ ಭೀಮಾ ಹೊಳೆ ಉಕ್ಕಿದ್ದನ್ನು ಕಂಡವರು ಅವರು. ಒಬ್ಬರು ಕಷ್ಟಪಟ್ಟು ನೀರು ನುಗ್ಗಿದ ಹಳ್ಳಿಗಳ ಪಟ್ಟಿ ಮಾಡಿಕೊಂಡು ಬಂದರು. ಈಗ ‘ಬಾಜೂ ಊರು’ ಅಂತ ತಿದ್ದಿದ್ದೇನೆ. ಮೈಸೂರು ಕಡೆಯವರಿಗೆ ಬಾಜೂ ತಿಳಿಯುತ್ತಾ?

ಸ್ಪೇಷಿಯಲ್ ಅನಾಲಿಸಿಸ್‌ಗೆ ‘ಪ್ರಾದೇಶಿಕ ವಿಶ್ಲೇಷಣೆ’ ಬೇಡವೇ ಬೇಡ, ನಮಗದು ಪ್ರಾದೇಶಿಕ ಆಯುಕ್ತರ ಕಚೇರಿಯ ಕಡತದ ಹಾಗೆ ಕೇಳುತ್ತದೆ. ‘ಎಲ್ಲೆಷ್ಟು ಲೆಕ್ಕ’ ಅಂತ ಬರೆದಿದ್ದೇನೆ, ಚೆನ್ನಾಗಿಲ್ಲ ಅನ್ನಿಸಿದರೆ ಬೈದು ಬೇರೆ ಕೊಡಿ. ಮುಂದಿನ ತರಬೇತಿ ಶಹಾಪುರದಲ್ಲಿ, ಇನ್ನು ಹನ್ನೆರಡು ದಿನ ಇದೆ. ಟಿಕಳಿ ಹಾಳೆ ಈ ಸಲ ನಾನೇ ತಂದಿಟ್ಟುಕೊಂಡಿದ್ದೇನೆ.