ಸಹಾಯ ಬೇಕು: ರಾತ್ರಿ ಮನೆ ಎದುರಿನ ಗಲಾಟೆಗೆ ದೂರು ಕೊಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಎದುರಿನ ಬಸ್ ತಂಗುದಾಣದಲ್ಲಿ ರಾತ್ರಿ ಹನ್ನೊಂದರ ಮೇಲೆ ಕೆಲವರು ಸೇರುತ್ತಾರೆ. ಕುಡಿತ, ಬೊಬ್ಬೆ, ಕಾರಿನ ಬಾಗಿಲು ತೆರೆದಿಟ್ಟು ಜೋರು ಹಾಡು. ಬೈಕಿನ ಸೈಲೆನ್ಸರ್ ಸದ್ದಿಗೆ ಅತ್ತೆ ಬೆಚ್ಚಿ ಏಳುತ್ತಾರೆ, ಅವರಿಗೆ ಹೃದಯದ ತೊಂದರೆ ಇದೆ. ಬೆಳಿಗ್ಗೆ ಗೇಟಿನ ಹತ್ತಿರ ಒಡೆದ ಬಾಟಲಿ ಹೆಕ್ಕಿಯೇ ಮಕ್ಕಳನ್ನು ಶಾಲೆಗೆ ಕಳಿಸಬೇಕು. ನಮ್ಮವರು ಗಲ್ಫಿನಲ್ಲಿದ್ದಾರೆ. ನಾನೊಬ್ಬಳೇ ಹೋಗಿ ಕೇಳಲು ಧೈರ್ಯ ಸಾಲದು.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಉಂಟು. 2000ದ ಶಬ್ದಮಾಲಿನ್ಯ ನಿಯಮದಲ್ಲಿ ಮನೆಗಳಿರುವ ಜಾಗಕ್ಕೆ ರಾತ್ರಿಯ ಮಿತಿ 45 ಡೆಸಿಬಲ್. 112ಕ್ಕೆ ಕರೆ ಮಾಡಿದರೆ ಪೊಲೀಸರು ಬರುತ್ತಾರೆ, ಗುಂಪು ಚದುರುತ್ತದೆ. ಜೀಪು ಹೋದ ಮೇಲೆ ಪುನಃ ಅದೇ. ಹಾಗಾಗಿ ಬರೆದು ದೂರು ಕೊಡಬೇಕೆಂದಿದ್ದೇನೆ.

ಯಾರಾದರೂ ಠಾಣೆಗೆ ಕನ್ನಡದಲ್ಲೇ ಬರೆದು ಕೊಟ್ಟದ್ದುಂಟಾ? ರಶೀದಿ ಸಿಕ್ಕಿತಾ? ನನಗೆ ಮಲಯಾಳ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ನೆರೆಕರೆಯವರೆಲ್ಲ ಸಹಿ ಹಾಕಿದರೆ ಒಳ್ಳೆಯದಾ, ಪಂಚಾಯತ್ ಮೆಂಬರ್ ಮೂಲಕ ಹೋಗುವುದಾ? ತಂಗುದಾಣಕ್ಕೆ ಲೈಟ್, ಸಿಸಿಟಿವಿ ಹಾಕಿಸಿದ ಮೇಲೆ ಎಲ್ಲಾದರೂ ಕಡಿಮೆಯಾಗಿದೆಯಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ. ಜಗಳಕ್ಕೆ ಹೋಗಿ ಎಂದು ಮಾತ್ರ ಹೇಳಬೇಡಿ. ಅವರಲ್ಲಿ ಕೆಲವರು ನಮ್ಮ ಊರಿನ ಹುಡುಗರೇ, ಅವರ ಬಾಳು ಹಾಳಾಗುವುದೂ ನನಗೆ ಬೇಡ.