ಪ್ರಯೋಗಾಲಯದ ಮಂಗಗಳ ವಿಷಯದಲ್ಲಿ ‘ಸಹವಾಸ’ ಎಂಬ ಪದ ಸಲ್ಲುತ್ತದೆಯೇ?

ಧಾರವಾಡದ ಪದವಿ ವಿದ್ಯಾರ್ಥಿಗಳಿಗಾಗಿ ಪ್ರಾಣಿಶಾಸ್ತ್ರದ ಪಾಠವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪ್ರಯೋಗಾಲಯದ ಮಂಗಗಳನ್ನು ಒಂಟಿ ಪಂಜರಗಳಲ್ಲಿ ಇಡದೆ ಜೋಡಿಯಾಗಿ ಅಥವಾ ಗುಂಪಾಗಿ ಇರಿಸುವ ಕ್ರಮಕ್ಕೆ ಏನೆನ್ನಬೇಕೆಂಬುದು ನನ್ನ ಪ್ರಶ್ನೆ.

‘ಗುಂಪು ವಸತಿ’ ಎಂದರೆ ಸರಕಾರದ ಮನೆಗಳು ನೆನಪಿಗೆ ಬರುತ್ತವೆ. ಹಾವೇರಿ, ಗದಗ ಕಡೆಯ ಕುರಿಗಾರರು ಆಡುವ ‘ದಡ್ಡಿ’ಯನ್ನು ಪರಿಶೀಲಿಸಿದೆ, ಆದರೆ ದಡ್ಡಿಯಲ್ಲಿ ಕೂಡಿಹಾಕುವುದು ಮುಖ್ಯವೇ ಹೊರತು ಯಾವುದರ ಪಕ್ಕದಲ್ಲಿ ಯಾವುದಿದೆ ಎಂಬುದಲ್ಲ. ಮಂಗಗಳಿಗೆ ಅದೇ ಮುಖ್ಯ. ರೀಸಸ್ ಮಂಗಗಳಲ್ಲಿ ಮೇಲು-ಕೀಳಿನ ಕ್ರಮ ಬಿಗಿಯಾಗಿದ್ದು, ಮಗಳ ಸ್ಥಾನ ಸಾಮಾನ್ಯವಾಗಿ ತಾಯಿಯ ಸ್ಥಾನವನ್ನು ಅನುಸರಿಸುತ್ತದೆ. ಗುರುತಿಲ್ಲದ ಎರಡನ್ನು ಒಮ್ಮೆಲೇ ಕೂಡಿಸಿದರೆ ಕಚ್ಚಾಡಿ ತೀವ್ರವಾಗಿ ಗಾಯಗೊಳ್ಳಬಹುದು. ಆದ್ದರಿಂದ ಮೊದಲು ಜಾಲರಿಯ ಆಚೀಚೆ ಇರಿಸಿ, ಒಂದನ್ನೊಂದು ನೋಡಲು, ಮುಟ್ಟಲು ಬಿಟ್ಟು, ಹೊಂದಿಕೊಂಡಂತೆ ಕಂಡ ಮೇಲಷ್ಟೇ ನಡುವಿನ ತಡೆಯನ್ನು ತೆಗೆಯುತ್ತಾರೆ. ಆಮೇಲೂ ಕೆಳಗಿನ ಸ್ಥಾನದ ಮಂಗಕ್ಕೆ ಮರೆಯಾಗಲು ಜಾಗ, ಏರಿ ಕೂರಲು ಎತ್ತರದ ಹಲಗೆ, ಒಂದಕ್ಕಿಂತ ಹೆಚ್ಚು ಕಡೆ ಆಹಾರ ಬೇಕು. ಇಷ್ಟೆಲ್ಲ ಶ್ರಮ ಏಕೆಂಬುದು ಒಂಟಿಯಾಗಿಟ್ಟ ಮಂಗಗಳನ್ನು ನೋಡಿದರೆ ತಿಳಿಯುತ್ತದೆ: ಅವುಗಳಲ್ಲಿ ಹಲವು ತಮ್ಮ ಕೂದಲನ್ನು ಕಿತ್ತುಕೊಳ್ಳುತ್ತವೆ, ಪಂಜರದೊಳಗೆ ಒಂದೇ ಸಮನೆ ಸುತ್ತುತ್ತವೆ, ಕೆಲವು ತಮ್ಮ ಮೈಯನ್ನೇ ಕಚ್ಚಿಕೊಳ್ಳುತ್ತವೆ. ಅಮೆರಿಕವು 1985ರಲ್ಲಿ ತನ್ನ ಕಾನೂನನ್ನು ತಿದ್ದಿ, ಇಂಥ ಪ್ರಾಣಿಗಳ ಮಾನಸಿಕ ಸ್ವಾಸ್ಥ್ಯಕ್ಕೆ ತಕ್ಕ ಪರಿಸರವನ್ನು ಒದಗಿಸಬೇಕೆಂದು ವಿಧಿಸಿತು.

ಈ ಅರ್ಥವನ್ನೆಲ್ಲ ಹೊರಬಲ್ಲ ಪದವಾಗಿ ನನಗೆ ‘ಸಹವಾಸ’ ತೋಚಿದೆ. ಕೂಡಿ ವಾಸಿಸುವುದು, ಒಡನಾಡುವುದು ಎರಡೂ ಅದರಲ್ಲಿವೆ. ತೊಡಕೆಂದರೆ, ನಮ್ಮ ಕಡೆ ಮಾತಿನಲ್ಲಿ ‘ಅವನ ಸಹವಾಸ ಬ್ಯಾಡ’ ಎಂದು ಬೇಡದ ಸಂಗಕ್ಕೇ ಅದು ಹೆಚ್ಚಾಗಿ ಬಳಕೆಯಾಗುತ್ತದೆ. ಹಾಗಿದ್ದರೂ ‘ಸಹವಾಸದಲ್ಲಿರಿಸುವುದು’, ‘ಒಂಟಿಯಾಗಿರಿಸುವುದು’ ಎಂಬ ಜೋಡಿ ವಿದ್ಯಾರ್ಥಿಗಳಿಗೆ ಸುಲಭವಾಗಿ ತಿಳಿಯುತ್ತದೆಂದು ನನ್ನ ನಂಬಿಕೆ.

‘ಪ್ರಾಣಿ ಕಲ್ಯಾಣ’ ಸರಕಾರಿ ಬಳಕೆಯಲ್ಲಿ ನೆಲೆಗೊಂಡಿರುವುದರಿಂದ ಅದನ್ನು ಬದಲಿಸಲು ಹೋಗಿಲ್ಲ. ಆದರೆ ಮಂಗಗಳು ಪರಸ್ಪರ ಕೂದಲನ್ನು ಬಿಡಿಸಿ ನೋಡುವ ಕ್ರಿಯೆಗೆ ‘ಹೇನು ನೋಡುವುದು’ ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಹೇನು, ಕೊಳೆ ತೆಗೆಯುವುದಷ್ಟೇ ಅಲ್ಲಿ ನಡೆಯುವುದಿಲ್ಲ. ಹಾಗೆ ಮಾಡಿಸಿಕೊಳ್ಳುವಾಗ ಮಂಗದ ಎದೆಬಡಿತ ನಿಧಾನವಾಗುತ್ತದೆ, ಜಗಳವಾಡಿದವು ಮತ್ತೆ ಹತ್ತಿರವಾಗುತ್ತವೆ. ‘ಮೈ ನೇವರಿಕೆ’ ಹತ್ತಿರ ಬರುತ್ತದಾದರೂ ಬೆರಳುಗಳಿಂದ ಕೂದಲನ್ನು ಬಿಡಿಸುವ ಕೆಲಸ ಅದರಲ್ಲಿ ಕಾಣುವುದಿಲ್ಲ. ಇದಕ್ಕೆ ಹಳ್ಳಿಗಳಲ್ಲಿ ಬೇರೆ ಮಾತು ಬಳಕೆಯಲ್ಲಿದ್ದರೆ ಬಲ್ಲವರು ದಯವಿಟ್ಟು ತಿಳಿಸಬೇಕು. ‘ಸಹವಾಸ’ದ ಬಗೆಗೂ ನಿಮ್ಮ ಅಭಿಪ್ರಾಯ ಬೇಕು.